ಹತ್ತು ಕೋಟಿ ಅಲೆ, ಒಂದು ಬಾಂದುಕಲ್ಲು

ಚನ್ನಗಿರಿ ಸೀಮೆಯ ಯಾವುದೋ ಒಂದು ಹೊಲ ಎಂದಿಟ್ಟುಕೊಳ್ಳಿ. ಹದ್ದುಬಸ್ತಿಗೆ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾದ ರೈತ ಬೆಳಗ್ಗೆ ಎಂಟಕ್ಕೇ ಬದುವಿನ ಮೇಲೆ ನಿಂತಿದ್ದಾನೆ. ಪಕ್ಕದ ಹೊಲದ ಯಜಮಾನರೂ ಬಂದಿದ್ದಾರೆ; ಬಂದದ್ದೇನೂ ಸಂತೋಷದಿಂದಲ್ಲ. ಸರ್ವೆಯರ್ ಬೈಕಿನಿಂದ ಇಳಿದು ಚೀಲ ಬಿಚ್ಚಿ ಒಂದು ಕೋಲು ಜೋಡಿಸುತ್ತಾರೆ. ಎರಡು ಮೀಟರ್ ಉದ್ದ, ತುದಿಯಲ್ಲಿ ಬೋರಲು ಹಾಕಿದ ಬಟ್ಟಲಿನಂಥ ಬಿಳಿ ಡಬ್ಬಿ, ಎದೆಮಟ್ಟದಲ್ಲಿ ಫೋನಿನಂಥ ಒಂದು ಪರದೆ.

“ಸರಪಳಿ ತಂದಿಲ್ವಾ ಸ್ವಾಮಿ?” ಪಕ್ಕದ ಹೊಲದವರ ಮೊದಲ ತಕರಾರು.

“ಈಗ ಇದೇ ಸರಪಳಿ, ಯಜಮಾನ್ರೇ.”

ಕೋಲಿಗೆ ಅಂಟಿಸಿದ ಪುಟ್ಟ ಗಾಜಿನೊಳಗೆ ಗಾಳಿಗುಳ್ಳೆ ನಡುಮಧ್ಯಕ್ಕೆ ಬರುವವರೆಗೆ ಸರ್ವೆಯರ್ ಕೋಲನ್ನು ಅತ್ತಿತ್ತ ವಾಲಿಸುತ್ತಾರೆ. ಪರದೆಯ ಮೇಲೆ ‘ಫ್ಲೋಟ್’ ಎಂಬ ಪದ. ಅರ್ಧ ನಿಮಿಷ ಕಳೆದ ಮೇಲೆ ಅದು ‘ಫಿಕ್ಸ್’ ಎಂದು ಬದಲಾಗುತ್ತದೆ. ಗುಂಡಿ ಒತ್ತಿದರೆ ಮೊದಲ ಮೂಲೆ ಮುಗಿಯಿತು. ಎರಡನೆಯದು, ಮೂರನೆಯದು ಕೂಡ ಕಾಫಿ ಬರುವಷ್ಟರೊಳಗೆ ಮುಗಿಯುತ್ತವೆ. ನಾಲ್ಕನೆಯ ಮೂಲೆ ಮಾತ್ರ ಅಡಿಕೆ ತೋಟದ ಒಳಗಿದೆ. ಅದು ಅಷ್ಟು ಸುಲಭಕ್ಕೆ ಬಗ್ಗುವುದಲ್ಲ. ಅದರ ಮಾತು ಆಮೇಲೆ.

ಈ ಕೋಲಿಗೆ ರೋವರ್ ಎಂದು ಹೆಸರು. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದ ಭೂಮಾಪನ ಇಲಾಖೆಯ ಸರ್ವೆಯರ್‌ಗಳ ಕೈಗೂ ಬಂದಿದೆ. ಜಿಪಿಎಸ್ ಎಲ್ಲರ ಜೇಬಿನ ಫೋನಿನಲ್ಲೂ ಇರುವಾಗ ಲಕ್ಷದ ಲೆಕ್ಕದಲ್ಲಿ ಬೆಲೆ ಬಾಳುವ ಈ ಕೋಲು ಏಕೆ ಬೇಕು? ಉತ್ತರಕ್ಕೆ ಗುಂಟೆಯ ಲೆಕ್ಕವೇ ಸಾಕು. ನಮ್ಮ ಸರ್ವೆಯ ಸರಪಳಿ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೇ ಒಂದು ಗುಂಟೆ; ನಲವತ್ತು ಗುಂಟೆಗೆ ಒಂದು ಎಕರೆ. ಬಯಲಿನಲ್ಲಿ ನಿಂತ ಫೋನು ತನ್ನ ಜಾಗವನ್ನು ಸುಮಾರು 5 ಮೀಟರ್ ಆಚೀಚೆ ತೋರಿಸುವುದು ಮಾಮೂಲು. ಎರಡು ಸರಪಳಿ, ಅಂದರೆ ಸುಮಾರು 20 ಮೀಟರ್ ಉದ್ದದ ಬದು 5 ಮೀಟರ್ ಸರಿದರೆ ಹೆಚ್ಚುಕಡಿಮೆ ಒಂದು ಗುಂಟೆ ನೆಲವೇ ಕೈಬದಲಾಗುತ್ತದೆ. ಕೋರ್ಟಿಗೆ ಹೋಗಲು ಅಷ್ಟು ಧಾರಾಳವಾಗಿ ಸಾಕು. ರೋವರ್ ತಪ್ಪುವುದು ಎರಡು ಮೂರು ಸೆಂಟಿಮೀಟರ್. ಅದೇ ಬದುವಿನಲ್ಲಿ ಆ ತಪ್ಪಿಗೆ ಸಿಗುವ ಜಾಗ ಊಟದ ಬಾಳೆಎಲೆ ಒಂದೆರಡು ಹಾಸುವಷ್ಟು.

ಆಕಾಶದಲ್ಲಿರುವ ಉಪಗ್ರಹಗಳು ಫೋನಿಗೂ ರೋವರಿಗೂ ಒಂದೇ. ವ್ಯತ್ಯಾಸವಿರುವುದು ಅವುಗಳ ಮಾತನ್ನು ಕೇಳಿಸಿಕೊಳ್ಳುವ ಬಗೆಯಲ್ಲಿ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದೂ ಒಂದು ರೇಡಿಯೊ ಅಲೆಯನ್ನು, ಆ ಅಲೆಯ ಮೇಲೆ ಪೋಣಿಸಿದ ಸಂಕೇತಗಳ ಸರವನ್ನು ಸತತವಾಗಿ ಕಳಿಸುತ್ತಿರುತ್ತದೆ. ಸಂಕೇತ ಹೊರಟ ಹೊತ್ತಿಗೂ ತಲುಪಿದ ಹೊತ್ತಿಗೂ ನಡುವಿನ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಗುತ್ತದೆ. ಮೂರು ಉಪಗ್ರಹಗಳ ದೂರ ತಿಳಿದರೆ ಜಾಗ ಗೊತ್ತಾಗುತ್ತದೆ. ಫೋನಿನೊಳಗಿನ ಅಗ್ಗದ ಗಡಿಯಾರದ ತಪ್ಪನ್ನು ಹಿಡಿಯಲು ನಾಲ್ಕನೆಯದೊಂದು ಬೇಕು. ತೊಂದರೆ ಏನೆಂದರೆ, ಆ ಸರದ ಒಂದೊಂದು ಮಣಿಯೂ ಸುಮಾರು 300 ಮೀಟರ್ ಉದ್ದ. ಮಣಿಯ ನೂರನೆಯ ಒಂದು ಪಾಲನ್ನು ಗುರುತಿಸುವಷ್ಟು ಜಾಣತನ ತೋರಿದರೂ ಮೂರು ಮೀಟರ್ ಉಳಿದೇ ಉಳಿಯುತ್ತದೆ. ಫೋನು ಓದುವುದು ಹೆಚ್ಚಾಗಿ ಈ ಸರವನ್ನು.

ರೋವರ್ ಸರವನ್ನು ಬಿಟ್ಟು ಅದರ ದಾರವನ್ನೇ ಹಿಡಿಯುತ್ತದೆ. ಸಂಕೇತವನ್ನು ಹೊತ್ತು ತರುವ ಅಲೆಯ ಉದ್ದ ಬರೀ 19 ಸೆಂಟಿಮೀಟರ್, ಒಂದು ಗೇಣಿಗಿಂತ ಚೂರು ಕಡಿಮೆ. ಅದರ ನೂರನೆಯ ಒಂದು ಪಾಲೆಂದರೆ 2 ಮಿಲಿಮೀಟರ್. ಅಳತೆಗೋಲಿನ ಮೇಲಿನ ಗೀಟುಗಳು ಇದ್ದಕ್ಕಿದ್ದಂತೆ ಸಾವಿರಪಟ್ಟು ಒತ್ತಾದಂತೆ.

ಆದರೆ ಇಲ್ಲೊಂದು ಕಗ್ಗಂಟಿದೆ. ಅದನ್ನು ಹಳೆಯ ಸರಪಳಿಯವರಿಗೆ ವಿವರಿಸುವುದೇ ಬೇಡ. ಸರಪಳಿ ಹಿಡಿದು ಉದ್ದ ಅಳೆಯುವಾಗ ಮುಂದಿನವನು ಒಂದೊಂದು ಸರಪಳಿಗೂ ನೆಲಕ್ಕೊಂದು ಕಬ್ಬಿಣದ ಕಡ್ಡಿ ಚುಚ್ಚುತ್ತಾ ಹೋಗುತ್ತಿದ್ದ, ಹಿಂದಿನವನು ಕಿತ್ತುಕೊಳ್ಳುತ್ತಾ ಬರುತ್ತಿದ್ದ. ಕೊನೆಗೆ ಹಿಂದಿನವನ ಕೈಯಲ್ಲಿರುವ ಕಡ್ಡಿಗಳೇ ಲೆಕ್ಕ. ಕೊನೆಯ ತುಂಡು ಸರಪಳಿಯನ್ನು ಬೆರಳಗಲ ತಪ್ಪದಂತೆ ಅಳೆದರೂ ಕಡ್ಡಿಯ ಎಣಿಕೆ ತಪ್ಪಿತೋ, ಇಡೀ ಅಳತೆ ನೀರುಪಾಲು. ಅಲೆಯ ಕಥೆಯೂ ಇದೇ. ತನ್ನನ್ನು ತಲುಪಿದ ಅಲೆಯ ಕೊನೆಯ ತುಂಡು ಎಷ್ಟು ಎಂದು ರೋವರ್ ಮಿಲಿಮೀಟರ್ ಲೆಕ್ಕದಲ್ಲಿ ಹೇಳಬಲ್ಲದು. ಉಪಗ್ರಹದಿಂದ ಇಲ್ಲಿಯವರೆಗೆ ಪೂರ್ತಿ ಅಲೆಗಳು ಎಷ್ಟು ದಾಟಿದವು ಎಂದು ಅದಕ್ಕೆ ಗೊತ್ತಿಲ್ಲ. ಉಪಗ್ರಹ ನೆತ್ತಿಯ ಮೇಲಿದ್ದರೂ ಆ ಸಂಖ್ಯೆ ಹತ್ತು ಕೋಟಿಗಿಂತ ಹೆಚ್ಚು. ಅಲೆಗಳಿಗೆ ಕಡ್ಡಿ ಚುಚ್ಚುವವರು ಯಾರೂ ಇಲ್ಲ.

ಪರದೆಯ ಮೇಲೆ ‘ಫ್ಲೋಟ್’ ಎಂದು ಕಾಣುವ ಅರ್ಧ ನಿಮಿಷದಲ್ಲಿ ರೋವರ್ ಹುಡುಕುತ್ತಿರುವುದು ಆ ಕಡ್ಡಿಗಳನ್ನು. ಭಾರತದ ಬಯಲಿನಲ್ಲಿ ನಿಂತರೆ ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದು, ನಮ್ಮದೇ ನಾವಿಕ್ ಎಲ್ಲ ಸೇರಿ ಒಂದೇ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ಉಪಗ್ರಹಗಳು ಕಾಣುತ್ತವೆ. ಇಷ್ಟೂ ಉಪಗ್ರಹಗಳ ಎಣಿಕೆ ಒಂದಕ್ಕೊಂದು ಹೊಂದಬೇಕು, ಎಲ್ಲವೂ ಪೂರ್ಣಾಂಕವೇ ಆಗಿರಬೇಕು, ಎಲ್ಲ ಗೆರೆಗಳೂ ನೆಲದ ಒಂದೇ ಬಿಂದುವಿನಲ್ಲಿ ಕೂಡಬೇಕು. ಇಂಥ ಲೆಕ್ಕವನ್ನು ಕ್ಷಣದಲ್ಲಿ ಬಿಡಿಸುವ ಪ್ರಸಿದ್ಧ ವಿಧಾನವೊಂದನ್ನು 1990ರ ದಶಕದಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಪೀಟರ್ ಟೊಯ್ನಿಸನ್ ರೂಪಿಸಿದರು. ಎಣಿಕೆ ಕೂಡಿಬಂದ ಕ್ಷಣಕ್ಕೆ ‘ಫಿಕ್ಸ್’.

ಇಷ್ಟಾದರೂ ಸೆಂಟಿಮೀಟರ್ ಕೈಗೆ ಸಿಗುವುದಿಲ್ಲ. ಉಪಗ್ರಹ ತಾನಿರುವೆ ಎಂದು ಹೇಳುವ ಜಾಗದಲ್ಲೇ ಕೊಂಚ ತಪ್ಪಿರುತ್ತದೆ, ಅದರ ಗಡಿಯಾರದಲ್ಲಿ ಇನ್ನೊಂದು ತಪ್ಪು. ದಾರಿಯಲ್ಲಿ ಅಯಾನುಗೋಳ ಸಂಕೇತವನ್ನು ತಡೆದು ನಿಧಾನಿಸುತ್ತದೆ. ಕೆಳಗಿನ ಗಾಳಿಯ ತೇವ ಇನ್ನಷ್ಟು. ಇವನ್ನೆಲ್ಲ ಒಂದೊಂದಾಗಿ ಅಳೆಯಹೊರಟರೆ ಮುಗಿಯುವ ಕೆಲಸವಲ್ಲ. ಭೂಮಾಪಕರು ಕಂಡುಕೊಂಡ ಉಪಾಯ ಬಹಳ ಸರಳ. ಜಾಗ ಮೊದಲೇ ಖಚಿತವಾಗಿ ಗೊತ್ತಿರುವ ಒಂದು ಬಿಂದುವಿನ ಮೇಲೆ ಇನ್ನೊಂದು ಗ್ರಾಹಕವನ್ನು ಕೂರಿಸುವುದು. ‘ನಾನು ಇರುವುದು ಇಲ್ಲಿ, ಉಪಗ್ರಹಗಳು ಹೇಳುತ್ತಿರುವುದು ಅಲ್ಲಿ, ಹಾಗಾದರೆ ಈ ಗಳಿಗೆಯ ತಪ್ಪು ಇಷ್ಟು’ ಎಂದು ಅದು ಲೆಕ್ಕ ಹಾಕಿ ಸುತ್ತಲಿನ ರೋವರ್‌ಗಳಿಗೆ ಕಳಿಸುತ್ತದೆ. ಹತ್ತಿಪ್ಪತ್ತು ಕಿಲೋಮೀಟರ್ ಆಚೆ ಇರುವ ರೋವರಿನ ತಲೆಯ ಮೇಲಿರುವುದೂ ಹೆಚ್ಚುಕಡಿಮೆ ಅದೇ ಆಕಾಶ, ಅದೇ ತಪ್ಪು. ಕಳೆದರೆ ಉಳಿಯುವುದು ಸೆಂಟಿಮೀಟರ್.

ಅಂದರೆ ಸೆಂಟಿಮೀಟರ್ ಆಕಾಶದಿಂದ ಇಳಿಯುವುದಿಲ್ಲ. ನೆಲದ ಮೇಲಿನ ಒಂದು ಗೊತ್ತಿರುವ ಬಿಂದುವಿನಿಂದ ಕಡ ತಂದದ್ದು ಅದು. ಸರಪಳಿಯ ಕಾಲದಲ್ಲಿ ಸರ್ವೆಯರ್ ಹೊಲಕ್ಕೆ ಬಂದವರೇ ಮೊದಲು ಹುಡುಕುತ್ತಿದ್ದುದು ಬಾಂದುಕಲ್ಲನ್ನು. ಈಗ ರೋವರ್ ಹುಡುಕುವುದೂ ಅದನ್ನೇ, ದೂರದ ಯಾವುದೋ ಕಟ್ಟಡದ ತಾರಸಿಯ ಮೇಲೆ. ಸರ್ವೆ ಆಫ್ ಇಂಡಿಯಾ ದೇಶದಾದ್ಯಂತ ಇಂಥ ಸಾವಿರಕ್ಕೂ ಹೆಚ್ಚು ಕಾಯಂ ನಿಲ್ದಾಣಗಳನ್ನು ನೆಟ್ಟಿದೆ. ಕಾರ್ಸ್ ಎಂದು ಕರೆಯುವ ಈ ಜಾಲದ ತಿದ್ದುಪಡಿ ಮೊಬೈಲ್ ಇಂಟರ್‌ನೆಟ್ ಮೂಲಕ ರೋವರ್ ತಲುಪುತ್ತದೆ. 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಹಳ್ಳಿಯ ಮನೆಗಳ ನಕ್ಷೆ ಮಾಡುವುದಕ್ಕೂ ಇದೇ ಜಾಲ ಆಧಾರ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ಗೊತ್ತಿರುವ ಬಿಂದುವಿನ ಈ ಉಪಾಯ ಅಮೆರಿಕದ ಸೇನೆಗೇ ಚಳ್ಳೆಹಣ್ಣು ತಿನ್ನಿಸಿದ ಕಥೆಯೂ ಇದೆ. 1983ರಲ್ಲಿ ದಾರಿತಪ್ಪಿದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಒಕ್ಕೂಟ ಹೊಡೆದುರುಳಿಸಿದಾಗ, ಜಿಪಿಎಸ್ ಸಿದ್ಧವಾದ ಮೇಲೆ ನಾಗರಿಕರಿಗೂ ಕೊಡುವುದಾಗಿ ಅಮೆರಿಕ ಹೇಳಿತು. ಕೊಟ್ಟಿತು ಕೂಡ, ಆದರೆ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸಿ. ನಾಗರಿಕರಿಗೆ ನೂರು ಮೀಟರ್‌ವರೆಗೆ ಜಾಗ ತಪ್ಪಿಹೋಗುವಂತೆ. ಆದರೆ ಬೆರೆಸಿದ ತಪ್ಪು ಪಕ್ಕದಲ್ಲಿರುವ ಎರಡು ಗ್ರಾಹಕಗಳಿಗೂ ಒಂದೇ ತಾನೇ? ಕಳೆದರೆ ಹೋಯಿತು. ಹಡಗುಗಳ ಸುರಕ್ಷತೆಗೆಂದು ಅದೇ ದೇಶದ ಕರಾವಳಿ ಕಾವಲು ಪಡೆ ತೀರದಲ್ಲಿ ನಿಲ್ದಾಣಗಳನ್ನು ಕಟ್ಟಿ ತಿದ್ದುಪಡಿ ಪ್ರಸಾರ ಮಾಡತೊಡಗಿತು. ಸರ್ಕಾರದ ಒಂದು ಕೈ ಕೆಡಿಸುವುದು, ಇನ್ನೊಂದು ಕೈ ಸರಿಪಡಿಸುವುದು. 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ ಈ ಆಟವನ್ನು ನಿಲ್ಲಿಸಿದರು.

ನಿಲ್ದಾಣವನ್ನು ಒಂದೇ ಜಾಗದಲ್ಲಿ ವರ್ಷಾನುಗಟ್ಟಲೆ ಬಿಟ್ಟರೆ ಬೇರೆಯದೇ ಸಂಗತಿ ಬಯಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1990ರ ದಶಕದಿಂದ ಇಂಥದೊಂದು ಗ್ರಾಹಕ ಕುಳಿತಿದೆ; ಜಗತ್ತಿನ ಭೂಮಾಪನ ಜಾಲದಲ್ಲಿ ಅದರ ಹೆಸರು ‘ಐಐಎಸ್‌ಸಿ’ ಎಂದೇ. ಅದು ಒಂದು ಕಡೆ ಕೂತಿದ್ದರೂ ಅದರ ಅಂಕಿಗಳು ಕೂತಿಲ್ಲ. ಬೆಂಗಳೂರು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ, ಉಗುರು ಬೆಳೆಯುವ ವೇಗಕ್ಕೆ ತೀರ ದೂರವಲ್ಲದ ವೇಗದಲ್ಲಿ. ಇಡೀ ಭಾರತದ ನೆಲಫಲಕವೇ ಹಾಗೆ ಸರಿಯುತ್ತಿರುವುದರಿಂದ ಯಾರ ಅನುಭವಕ್ಕೂ ಬರುವುದಿಲ್ಲ. ಆ ಸರಿತದಲ್ಲಿ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ಹಿಮಾಲಯದ ಬುಡದಲ್ಲಿ ಸಿಕ್ಕಿಕೊಂಡು ಬಿಗಿಯಾಗುತ್ತಾ ಹೋಗುತ್ತದೆ. ಆ ಬಿಗಿ ಬಿಟ್ಟುಕೊಂಡ ದಿನಗಳಲ್ಲಿ ಒಂದು 2015ರ ಏಪ್ರಿಲ್ 25. ನೇಪಾಳದ ಆ ಭೂಕಂಪದಲ್ಲಿ ಕಠ್ಮಂಡು ಕಣಿವೆ ಒಂದೂವರೆ ಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಜಿಗಿದು, ಸುಮಾರು ಒಂದು ಮೀಟರ್ ಮೇಲೆದ್ದಿತು. 2011ರ ಮಾರ್ಚ್‌ನಲ್ಲಿ ಜಪಾನಿನ ಓಶಿಕಾ ಪರ್ಯಾಯದ್ವೀಪ 5 ಮೀಟರಿಗೂ ಹೆಚ್ಚು ಪೂರ್ವಕ್ಕೆ ಸರಿದದ್ದನ್ನು ಹಿಡಿದದ್ದೂ ಅಲ್ಲಿನ ಸಾವಿರಕ್ಕೂ ಹೆಚ್ಚು ನಿಲ್ದಾಣಗಳ ಜಾಲವೇ.

ಆಸ್ಟ್ರೇಲಿಯಾಕ್ಕೆ ಇದು ಕಚೇರಿಯ ತಲೆನೋವಾಯಿತು. ಆ ಖಂಡ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಓಡುತ್ತದೆ. ನಕ್ಷೆಗಳು ಮಾತ್ರ 1994ರಲ್ಲೇ ನಿಂತಿದ್ದವು. ಸೆಂಟಿಮೀಟರ್ ಲೆಕ್ಕದಲ್ಲಿ ಉಳುವ ಟ್ರ್ಯಾಕ್ಟರ್ ಒಂದು ಕಡೆ, ನಕ್ಷೆಯ ಹೊಲ ಇನ್ನೊಂದು ಕಡೆ. ಕೊನೆಗೆ 2020ರ ಸ್ಥಿತಿಗೆ ಹೊಂದುವ ಹೊಸ ಲೆಕ್ಕವನ್ನು ತಂದು ಇಡೀ ದೇಶದ ಅಕ್ಷಾಂಶ ರೇಖಾಂಶಗಳನ್ನು 1.8 ಮೀಟರ್ ಸರಿಸಬೇಕಾಯಿತು.

ಎತ್ತರದ ವಿಷಯಕ್ಕೆ ಬಂದರೆ ಕನ್ನಡನಾಡಿಗೇ ಒಂದು ವಿಚಿತ್ರ ಕಾದಿದೆ. ಉಪಗ್ರಹ ಕೊಡುವ ಎತ್ತರ ಸಮುದ್ರಮಟ್ಟದಿಂದಲ್ಲ, ಭೂಮಿಯನ್ನು ನುಣುಪಾದ ಮೊಟ್ಟೆಯಂತೆ ಭಾವಿಸಿದ ಗಣಿತದ ಮೇಲ್ಮೈಯಿಂದ. ನಿಜವಾದ ಸಮುದ್ರಮಟ್ಟವಾದರೋ ಗುರುತ್ವಾಕರ್ಷಣೆಗೆ ತಕ್ಕಂತೆ ಉಬ್ಬುತ್ತದೆ, ತಗ್ಗುತ್ತದೆ. ಭೂಮಿಯ ಮೇಲೆ ಇದರ ಅತಿ ದೊಡ್ಡ ತಗ್ಗು ಇರುವುದು ಶ್ರೀಲಂಕಾದ ದಕ್ಷಿಣದ ಹಿಂದೂ ಮಹಾಸಾಗರದಲ್ಲಿ, ನೂರು ಮೀಟರಿಗೂ ಹೆಚ್ಚು ಆಳ. ಅದರ ಇಳಿಜಾರಿನಲ್ಲೇ ದಕ್ಷಿಣ ಭಾರತ ಕುಳಿತಿದೆ. ಹೀಗಾಗಿ ಮಂಗಳೂರಿನ ಕಡಲತೀರದಲ್ಲಿ ಕಾಲು ನೆನೆಸಿಕೊಂಡು ನಿಂತವರ ಕೈಯ ರೋವರ್ ನೇರ ಲೆಕ್ಕದಲ್ಲಿ 80 ಮೀಟರಿಗೂ ಹೆಚ್ಚು ಪಾತಾಳದಲ್ಲಿರುವಂತೆ ತೋರಿಸುತ್ತದೆ. ಈ ತಗ್ಗಿಗೆ ಭೂಮಿಯ ಒಡಲಲ್ಲಿರುವ ಕಾರಣವನ್ನು ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯಿ ಘೋಷ್ 2023ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ವಿವರಿಸಿದರು. ಪ್ರಾಚೀನ ಟೆಥಿಸ್ ಸಾಗರದ ತಳ ಮುಳುಗಿ ಕೆಳಗಿನ ಬಿಸಿಶಿಲೆಯನ್ನು ಕದಡಿದ್ದು, ಹಗುರವಾದ ಆ ಶಿಲೆ ಮೇಲೆದ್ದದ್ದು ಇದಕ್ಕೆ ಕಾರಣ ಎಂಬುದು ಅವರ ವಾದ. ಕಾಲುವೆ ತೋಡುವವರಿಗೆ ಇದು ಬರೀ ಕುತೂಹಲದ ಮಾತಲ್ಲ. ನೀರು ಹರಿಯುವುದು ಗುರುತ್ವದ ಮಾತು ಕೇಳಿ, ಗಣಿತದ ಮೊಟ್ಟೆಯ ಮಾತು ಕೇಳಿ ಅಲ್ಲ. ಆಯಾ ಜಾಗದ ಸಮುದ್ರಮಟ್ಟದ ಏರಿಳಿತವನ್ನು ಕೂಡಿಸಿ ಕಳೆಯದೆ ರೋವರಿನ ಎತ್ತರವನ್ನೇ ನಂಬಿದರೆ ಕೊನೆಯ ಹಳ್ಳಿಯ ತೂಬಿಗೆ ನೀರು ಮುಟ್ಟದಿರಬಹುದು.

ಗಡಿಯಾರದ ಮಾತನ್ನೂ ಹೇಳದೆ ಬಿಡುವಂತಿಲ್ಲ. ಒಂದು ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ ಬೆಳಕು 30 ಸೆಂಟಿಮೀಟರ್ ಓಡುತ್ತದೆ. ಐನ್‌ಸ್ಟೈನ್ ಹೇಳಿದಂತೆಯೇ ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೋಡುತ್ತದೆ. ತಿದ್ದದೆ ಬಿಟ್ಟರೆ ದೂರದ ಲೆಕ್ಕ ದಿನಕ್ಕೆ 11 ಕಿ.ಮೀ. ಕೆಡುತ್ತದೆ. ನಾವಿಕ್‌ಗೆ ಪೆಟ್ಟು ಬಿದ್ದದ್ದೂ ಇಲ್ಲೇ. ಅದರ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಕೆಲವೇ ವರ್ಷಗಳಲ್ಲಿ ಆ ಉಪಗ್ರಹದ ಮೂರೂ ವಿದೇಶಿ ರುಬಿಡಿಯಂ ಗಡಿಯಾರಗಳು ಕೆಟ್ಟು ನಿಂತವು. ಇಸ್ರೋ ತಾನೇ ಗಡಿಯಾರ ತಯಾರಿಸಿ 2023ರ ಮೇ 29ರಂದು ಎನ್‌ವಿಎಸ್-01ರಲ್ಲಿ ಇಟ್ಟು ಕಳಿಸಿತು. 2025ರ ಜನವರಿಯಲ್ಲಿ ಅದರ ಹಿಂದೆಯೇ ಹೋದ ಎನ್‌ವಿಎಸ್-02 ತನ್ನ ಕಕ್ಷೆಗೆ ಏರಲಾಗದೆ ಉಳಿಯಿತು. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಕುಳಿತು ಈ ಬಳಗದ ಹೊತ್ತುಗೊತ್ತು ನೋಡುವವರಿಗೆ ಒಂದೊಂದು ಗಡಿಯಾರವೂ ಮನೆಮಗುವಿನಷ್ಟೇ ಮುಖ್ಯ.

ಎಲ್ಲ ಕೆಲಸಕ್ಕೂ ಸೆಂಟಿಮೀಟರ್ ಬೇಕಿಲ್ಲ. ವಿಮಾನಕ್ಕೆ ಬೇಕಿರುವುದು ಒಂದೆರಡು ಮೀಟರಿನ ನಿಖರತೆ, ಜೊತೆಗೆ ಲೆಕ್ಕ ಕೆಟ್ಟ ಕೂಡಲೇ ‘ನಂಬಬೇಡ’ ಎಂದು ಕೂಗಿ ಹೇಳುವ ಪ್ರಾಮಾಣಿಕತೆ. ಅದಕ್ಕೆಂದೇ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನಲ್ಲಿ. 2022ರ ಏಪ್ರಿಲ್‌ನಲ್ಲಿ ಇಂಡಿಗೋದ ಎಟಿಆರ್ ವಿಮಾನವೊಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಇದನ್ನೇ ನಂಬಿ ಇಳಿಯಿತು.

ಗಗನ್ ಕಟ್ಟುವಾಗ ಕಾಡಿದ್ದು ನಮ್ಮ ತಲೆಯ ಮೇಲಿನ ಅಯಾನುಗೋಳ. ಭೂಮಿಯ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯಲ್ಲಿ ಹಾದುಹೋಗುತ್ತದೆ. 1963ರಲ್ಲಿ ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿಸಿದ್ದೂ ಅದೇ ಕಾರಣಕ್ಕೆ. ಈ ಪಟ್ಟಿಯಲ್ಲಿ ಸೂರ್ಯ ಮುಳುಗಿದ ಮೇಲೆ ಅಯಾನುಗೋಳ ಕುದಿಯುವ ಎಸರಿನಂತೆ ಗುಳ್ಳೆಯೇಳುತ್ತದೆ. ಅದರ ಮೂಲಕ ಬರುವ ಅಲೆ ನಕ್ಷತ್ರದಂತೆ ಮಿಣುಕಿ, ಎಣಿಕೆ ಕಳಚಿಬೀಳುತ್ತದೆ. ಸೂರ್ಯನೇ ಕೆರಳಿದರೆ ಯಾವ ದೇಶವೂ ಹೊರತಲ್ಲ. 2024ರ ಮೇ 10ರ ಸೌರ ಬಿರುಗಾಳಿಯ ಹೊತ್ತಿಗೆ ಅಮೆರಿಕದ ಜೋಳದ ಸೀಮೆಯಲ್ಲಿ ಬಿತ್ತನೆಯ ಭರಾಟೆ. ತಾನಾಗಿ ಸಾಲು ಹಿಡಿಯುವ ಟ್ರ್ಯಾಕ್ಟರ್‌ಗಳು ದಾರಿ ಕಾಣದೆ ಹೊಲದಲ್ಲೇ ನಿಂತವು.

ಮತ್ತೆ ಚನ್ನಗಿರಿಯ ಹೊಲಕ್ಕೆ. ಮೂರು ಮೂಲೆಗಳ ಅಂಕಿ ಬಂದ ಮೇಲೂ ಜಗಳ ಮುಗಿದಿಲ್ಲ. “ಪಹಣೀಲಿ ಎರಡೆಕರೆ ಮೂರು ಗುಂಟೆ ಅಂತಿದೆ, ನಿಮ್ಮ ಮಿಷನ್ನಿನ ಲೆಕ್ಕ ನೋಡಿದ್ರೆ ಒಂದು ಗುಂಟೆ ಕಮ್ಮಿ ಬರೋ ಹಾಗಿದೆಯಲ್ಲ ಸಾರ್?” ರೈತನ ಪ್ರಶ್ನೆ ನ್ಯಾಯವಾದದ್ದೇ. ಅವನ ಹೊಲದ ಮೂಲ ಟಿಪ್ಪಣಿ ಬರೆದದ್ದು ಅಜ್ಜನ ಕಾಲದಲ್ಲಿ, ಸರಪಳಿ ಎಳೆದು, ಆಣೆಯ ಲೆಕ್ಕದಲ್ಲಿ. ಸರಪಳಿ ಬಿಸಿಲಿಗೆ ಹಿಗ್ಗಿದ್ದು, ಕೊಂಡಿ ಸವೆದದ್ದು, ಗುಂಡಿಯಲ್ಲಿ ಜೋತುಬಿದ್ದದ್ದು ಎಲ್ಲ ಆ ಹಳದಿ ಕಾಗದದೊಳಗಿದೆ. ಕಾನೂನಿಗೆ ಮಾನ್ಯವಾದ ಗಡಿ ಆ ಕಾಗದದ್ದು. ತಾನು ನಿಂತ ಜಾಗ ಯಾವುದು ಎಂದು ರೋವರ್ ಎರಡು ಸೆಂಟಿಮೀಟರಿಗೆ ಹೇಳುತ್ತದೆ. ಅಜ್ಜನ ಕಾಲದ ಸರ್ವೆಯರ್ ಎಲ್ಲಿ ನಿಂತಿದ್ದ ಎಂದು ಅದಕ್ಕೆ ಗೊತ್ತಿಲ್ಲ. ಅದಕ್ಕೆ ಕಲ್ಲು ಸಿಗಬೇಕು.

ಕಲ್ಲು ಇರುವುದು ನಾಲ್ಕನೆಯ ಮೂಲೆಯಲ್ಲಿ. ಸರ್ವೆಯರ್ ಕೋಲು ಹಿಡಿದು ತೋಟದೊಳಗೆ ಕಾಲಿಡುತ್ತಲೇ ‘ಫಿಕ್ಸ್’ ಹಾರಿಹೋಗಿ ‘ಫ್ಲೋಟ್’ ಬರುತ್ತದೆ. ಹಸಿ ಸೋಗೆಗಳು ಅಲೆಗಳನ್ನು ತಡೆಯುತ್ತವೆ, ಕೆಲವು ಮರದ ಮೈಗೆ ತಾಗಿ ಸುತ್ತುಬಳಸಿ ಬರುತ್ತವೆ. ಕಡ್ಡಿಗಳ ಎಣಿಕೆ ತಪ್ಪುತ್ತಲೇ ಇರುತ್ತದೆ. ಎರಡು ನಿಮಿಷ ಕಾಯುತ್ತಾರೆ, ಕೋಲನ್ನು ಎತ್ತರಿಸಿ ನೋಡುತ್ತಾರೆ. ಆಗುವುದಿಲ್ಲ. ಆಳು ಲಂಟಾನದ ಪೊದೆ ಸವರಿ, ಮಣ್ಣು ಕೆದಕಿ, ಕೊನೆಗೂ ಪಾಚಿ ಹತ್ತಿದ ಬಾಂದುಕಲ್ಲಿನ ತಲೆಯನ್ನು ಬಯಲು ಮಾಡುತ್ತಾನೆ.

ಸರ್ವೆಯರ್ ತೋಟದ ಹೊರಗೆ, ಆಕಾಶ ಕಾಣುವ ಎರಡು ಕಡೆ ಕೋಲು ನಿಲ್ಲಿಸಿ ‘ಫಿಕ್ಸ್’ ಪಡೆದು ಗೂಟ ಹೊಡೆಯುತ್ತಾರೆ. ಆಮೇಲೆ ಬೈಕಿನ ಚೀಲದಿಂದ ಟೇಪು ಹೊರಬರುತ್ತದೆ.

“ಹಿಡೀರಿ ಯಜಮಾನ್ರೇ, ಕಲ್ಲಿನ ಕಡೆ ತುದಿ ನೀವೇ ಹಿಡೀರಿ” ಎಂದು ಅವರು ಪಕ್ಕದ ಹೊಲದವರ ಕೈಗೆ ಟೇಪಿನ ತುದಿ ಕೊಡುತ್ತಾರೆ. ಯಜಮಾನರು ಪಂಚೆ ಎತ್ತಿಕಟ್ಟಿ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಸೊನ್ನೆಯನ್ನು ಕಲ್ಲಿನ ನೆತ್ತಿಗೆ ಒತ್ತಿ ಹಿಡಿಯುತ್ತಾರೆ.